ಅಪ್‌ಡೇಟ್: ಮಗಳ ಶೀತ, ಕೆಮ್ಮು ಇಳಿಯಿತು

ಆರು ವರ್ಷದ ಮಗಳಿಗೆ ಶೀತ, ರಾತ್ರಿಯೆಲ್ಲ ಕೆಮ್ಮು, ಮನೆಮದ್ದು ಹೇಳಿ ಎಂದು ಕೇಳಿದ್ದೆ. ಈಗ ಆರಾಮಾಗಿದ್ದಾಳೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಅವಳಿಗೆ ಹಿಡಿಸಿದ್ದು ದೊಡ್ಡಪತ್ರೆ. ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಮಲಗುವ ಮುಂಚೆ ಒಂದು ಚಮಚ ಕೊಟ್ಟೆ. ಕೆಮ್ಮು ತಗ್ಗಿ ನಿದ್ದೆ ಬಂತು. (ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ, ಬೊಟುಲಿಸಂ ಎಂಬ, ಬ್ಯಾಕ್ಟೀರಿಯಾ ವಿಷದಿಂದ ಬರುವ ಗಂಭೀರ ಕಾಯಿಲೆಯ ಅಪಾಯವಿದೆ.) ಊಟಕ್ಕೆ ಬಿಸಿ ಅನ್ನ, ಮೆಣಸಿನ ಸಾರು. ಉಪ್ಪುನೀರು ಮುಕ್ಕಳಿಸಿದ್ದು ಗಂಟಲಿಗೆ ಹಿತವಾಯಿತು. ಹಬೆ ಮಾತ್ರ ಕೊಡಲಿಲ್ಲ, ಕುದಿನೀರಿನ ಪಾತ್ರೆ ಮಗುಚಿದರೆ ಗತಿಯೇನು?

ಡಾಕ್ಟರಿಗೂ ತೋರಿಸಿದೆ. ವೈರಸ್‌ನಿಂದ ಬರುವ ಶೀತಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ, ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ತಾನಾಗಿ ಇಳಿಯುತ್ತದೆ, ಉಸಿರಾಟ ಕಷ್ಟವಾದರೆ ತಡಮಾಡದೆ ಕರೆತನ್ನಿ ಎಂದರು. ಶಾಲೆಯಿಂದ ಬಂದೊಡನೆ ಸೋಪು ಹಾಕಿ ಕೈ ತೊಳೆಸುತ್ತಿದ್ದೇನೆ. ಅವಳ ತಮ್ಮನಿಗೆ ಇನ್ನೂ ಅಂಟಿಲ್ಲ.