ಸ್ಟೀಲ್ ಪ್ಲೇಟಿಗೆ ಒಪ್ಪಿಗೆ, ವಿಂಗಿಗೆ ತಕರಾರು

ವಾಟ್ಸಾಪ್ ಗುಂಪು: ಕೋಲಾರದ ನಮ್ಮನೆಯವರು

ಭಾವ: ಮೇಲಿನ ಫೋಟೋ ನೋಡಿ. ಬೆಂಗಳೂರಿನಲ್ಲಿ ಒಬ್ಬರು ಸ್ಕೂಬಾ ಸೆಟ್ ಮಾರುತ್ತಿದ್ದಾರೆ. ಬೆನ್ನಿಗೆ ಕಟ್ಟುವ ಸ್ಟೀಲ್ ಬ್ಯಾಕ್‌ಪ್ಲೇಟ್, ಅದನ್ನು ಮೈಗೆ ಬಿಗಿಯುವ ಪಟ್ಟಿ ಅಂದರೆ ಹಾರ್ನೆಸ್, 23 ಕೆಜಿ ಎತ್ತುವ ವಿಂಗ್ ಅಂದರೆ ಗಾಳಿಚೀಲ. ಮುಳುಗಲು ಕಟ್ಟಿಕೊಳ್ಳುವ 8 ಕೆಜಿ ಸೀಸ ಫ್ರೀ. ನನಗೂ ಪುಟ್ಟಿಗೂ ಒಂದೇ ಸೆಟ್ ಸಾಕು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋದಾಗಲೆಲ್ಲ ಆ ಗಾಳಿ ತುಂಬುವ ಬಾಡಿಗೆ ಜಾಕೆಟ್ ಹಾಕಿ ಹಾಕಿ ಬೇಜಾರಾಗಿದೆ.

ದೊಡ್ಡ ಮಾವ: ಕೆರೆ ಕೋಡಿ ಬಿದ್ದರೆ ಬಾಗಿನ ಬಿಡುವ ಊರಿನವರು ನಾವು. ನಿಮಗೆ ಸಮುದ್ರದ ತಳ ನೋಡುವ ಹುಚ್ಚು!

ಅಕ್ಕ: ರೇಟು ಎಷ್ಟು?

ಭಾವ: ಹೇಳ್ತೀನಿ ಇರು.

ನಾನು: ಭಾವ, ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಪ್ಲೇಟ್ ಚೆನ್ನಾಗಿದೆ. ಆ ವಿಂಗ್ ಮಾತ್ರ ಬೇಡ. ಅದು ಬೆನ್ನಿಗೆ ಎರಡು ಸಿಲಿಂಡರ್ ಕಟ್ಟಿಕೊಳ್ಳುವವರದು. ಫೋಟೋ ದೊಡ್ಡದು ಮಾಡಿ ನೋಡಿ. ನಡುವಿನ ಬಟ್ಟೆ ಎಷ್ಟು ಅಗಲ ಇದೆ! ಎರಡು ಸಿಲಿಂಡರ್ ಕೂರಲಿ ಅಂತಲೇ ಅಷ್ಟು ಜಾಗ ಬಿಟ್ಟಿರುತ್ತಾರೆ. ಒಂದೇ ಸಿಲಿಂಡರ್ ಹಾಕಿದರೆ ಎರಡೂ ಪಕ್ಕ ಮಡಚಿಕೊಂಡು ಸಿಲಿಂಡರನ್ನೇ ಸುತ್ತಿಕೊಳ್ಳುತ್ತವೆ. ಮಡಿಕೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲೆ ಬರುವಾಗ ಬಿಡೋಣ ಅಂದರೆ ಹೊರಗೆ ಹೋಗಲ್ಲ. ಒಂದು ಸಿಲಿಂಡರಿಗೆ 13 ಕೆಜಿ ಎತ್ತುವ ಸಣ್ಣ ವಿಂಗ್ ಸಾಕು.

ಭಾವ: ಎತ್ತುವ ಶಕ್ತಿ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ? ನಾನು 84 ಕೆಜಿ ಆಳು. ನೀನು ಹೇಳುವ 13 ಕೆಜಿ ವಿಂಗ್ ನನ್ನನ್ನು ಹೇಗೆ ಎತ್ತುತ್ತದೆ?

ನಾನು: ನಿಮ್ಮನ್ನು ಎತ್ತುವುದು ನೀರು. ಬರಿ ಮೈಯಲ್ಲಿ ಸಮುದ್ರಕ್ಕೆ ಇಳಿದು ಉಸಿರು ಎಳೆದುಕೊಳ್ಳಿ, ತೇಲುತ್ತೀರಿ. ವಿಂಗಿನ ಕೆಲಸ ಅದಲ್ಲ. ತುಂಬಿದ ಸಿಲಿಂಡರಿನಲ್ಲಿ ನೀವು ಇನ್ನೂ ಉಸಿರಾಡದೆ ಉಳಿದ ಗಾಳಿ ಇರುತ್ತಲ್ಲ, ಅದಕ್ಕೂ ತೂಕ ಇದೆ. ನಮ್ಮ ಕಡೆ ಕೊಡುವ 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರ್ 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ನಿಂದ 50ಕ್ಕೆ ಇಳಿಯುವಷ್ಟರಲ್ಲಿ ಸುಮಾರು 2 ಕೆಜಿ ಹಗುರಾಗುತ್ತದೆ. ಆಳದಲ್ಲಿ ಮೈಗೆ ಹಾಕುವ ರಬ್ಬರಿನ ವೆಟ್‌ಸೂಟ್ ಅಮುಕಿಕೊಂಡು ತೇಲುವ ಗುಣ ಕಳೆದುಕೊಳ್ಳುತ್ತದೆ. 3 ಮಿಲಿಮೀಟರ್ ಸೂಟಿಗೆ ಅದೂ ಒಂದೆರಡು ಕೆಜಿ ಅಷ್ಟೇ. ಈ ಎರಡನ್ನೂ ಸರಿದೂಗಿಸಿದರೆ ವಿಂಗಿನ ಕೆಲಸ ಮುಗಿಯಿತು. ದೋಣಿ ಪಕ್ಕ ಸೆಟ್ ಬಿಚ್ಚಿಟ್ಟರೆ ಅದು ತಾನೇ ತೇಲಬೇಕು, ಅದಕ್ಕೂ ಐದಾರು ಕೆಜಿ ಸಾಕು. 13 ಅಂದರೆ ಧಾರಾಳ.

ದೊಡ್ಡ ಮಾವ: ನಾವು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಇದೂ ಅದೇ ಅಲ್ವೇನಪ್ಪಾ? ದೊಡ್ಡ ಬುರುಡೆ ಆದರೆ ಧೈರ್ಯ ಜಾಸ್ತಿ.

ನಾನು: ಮಾವ, ಬುರುಡೆ ಗಟ್ಟಿ. ಎರಡಾಳು ಆಳಕ್ಕೆ ಮುಳುಗಿದರೂ ಅದರ ಗಾತ್ರ ಅಷ್ಟೇ ಇರುತ್ತದೆ. ವಿಂಗ್ ಒಳಗಿನ ಗಾಳಿ ಹಾಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಮೇಲೆ ಬಂದ ಹಾಗೆ ಗಾಳಿ ಹಿಗ್ಗುತ್ತಾ ಹೋಗುತ್ತದೆ. ಭಾವನವರು 4 ಕೆಜಿ ಸೀಸ ಸುಮ್ನೆ ಜಾಸ್ತಿ ಕಟ್ಟಿಕೊಂಡರು ಅಂತಿಟ್ಟುಕೊಳ್ಳಿ. ಅದನ್ನು ಹೊರಲು ವಿಂಗಿಗೆ ಹೆಚ್ಚುಕಡಿಮೆ 4 ಲೀಟರ್ ಗಾಳಿ ಜಾಸ್ತಿ ತುಂಬಬೇಕು. 10 ಮೀಟರಿನಿಂದ 5 ಮೀಟರಿಗೆ ಬರುವಷ್ಟರಲ್ಲಿ ಆ 4 ಲೀಟರ್ ಐದೂಕಾಲು ದಾಟುತ್ತದೆ. ಕೇಳದೆಯೇ ಒಂದೂಕಾಲು ಕೆಜಿಗಿಂತ ಜಾಸ್ತಿ ಮೇಲಕ್ಕೆ ಎಳೆಯುತ್ತದೆ. ಗಾಬರಿಯಾಗಿ ಗಾಳಿ ಬಿಟ್ಟರೆ ಕಲ್ಲಿನ ಹಾಗೆ ಕೆಳಗೆ. ಮತ್ತೆ ತುಂಬು, ಮತ್ತೆ ಬಿಡು. ನೇತ್ರಾಣಿಯ ವಿಡಿಯೋದಲ್ಲಿ ಭಾವ ಮೇಲೆ ಕೆಳಗೆ ಹೋಗುತ್ತಿದ್ದರಲ್ಲ, ಕಾರಣ ಇದೇ.

ಪುಟ್ಟಿ: 😂😂 ಅಪ್ಪ ಅದು ಡಾಲ್ಫಿನ್ ಸ್ಟೈಲ್ ಅಂದಿದ್ದರು ಮಾವ

ಭಾವ: ಅವತ್ತು ಅಲೆ ಇತ್ತು. ಮತ್ತೆ ಅವತ್ತು ನನಗೆ 8 ಕೆಜಿ ಸೀಸ ಕಟ್ಟಿಸಿದ್ದು ಇನ್‌ಸ್ಟ್ರಕ್ಟರ್. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?

ನಾನು: ಹೊಸಬರಿಗೆ ಅವರು ಬೇಕೆಂದೇ ಜಾಸ್ತಿ ಕಟ್ಟುತ್ತಾರೆ. ಹೊಸಬರು ಎದೆ ತುಂಬಾ ಉಸಿರು ಹಿಡಿದಿರುತ್ತಾರೆ, ಮುಳುಗಲ್ಲ. ಆ ದಿನಕ್ಕೆ ಅದು ಸರಿ. ಅದೇ ಲೆಕ್ಕವನ್ನು ಜೀವನಪೂರ್ತಿ ಹೊರುವುದು ಬೇಡ ಅನ್ನುತ್ತಿದ್ದೇನೆ. ಅದೂ ಅಲ್ಲದೆ ಬಾಡಿಗೆ ಜಾಕೆಟ್ಟಿನಲ್ಲಿ ಮೆತ್ತೆ ಇರುತ್ತದೆ, ಮೆತ್ತೆಯೇ ತೇಲುತ್ತದೆ. ಅದನ್ನು ಮುಳುಗಿಸಲು ಒಂದಿಷ್ಟು ಸೀಸ ದಂಡ. ಪ್ಲೇಟಿನಲ್ಲಿ ಮೆತ್ತೆ ಇಲ್ಲ. ಪ್ಲೇಟೇ ತೂಕ. ಸ್ಟೀಲ್ ಆದರೆ ಎರಡೂವರೆಯಿಂದ ಮೂರು ಕೆಜಿ, ಅಲ್ಯೂಮಿನಿಯಂ ಒಂದು ಕೆಜಿ ಆಸುಪಾಸು.

ಚಿಕ್ಕಮ್ಮ: ನನಗೆ ಒಂದು ಅರ್ಥ ಆಗುತ್ತಿಲ್ಲ. ಬೆನ್ನಿಗೆ ಸ್ಟೀಲ್ ತಗಡು ಕಟ್ಟಿಕೊಂಡು ನೀರಿಗೆ ಬೀಳುವುದಾ? ಆ ಗಾಳಿಚೀಲ ತೂತಾದರೆ ಗತಿ ಏನು? ಸೀಸದ ಬೆಲ್ಟ್ ಆದರೆ ಬಿಚ್ಚಿ ಬಿಸಾಕಬಹುದು. ಪ್ಲೇಟ್ ಬಿಸಾಕೋಕೆ ಆಗುತ್ತಾ?

ನಾನು: ಚಿಕ್ಕಮ್ಮ, ಕೇಳಬೇಕಾದ್ದೇ ಇದು. ಅಂಗಡಿಯವರು ಯಾರೂ ಇದನ್ನು ಹೇಳಲ್ಲ. ವಿಂಗ್ ಪೂರ್ತಿ ಖಾಲಿ, ಸಿಲಿಂಡರ್ ಪೂರ್ತಿ ತುಂಬಿದೆ, ತಳದಲ್ಲಿ ಇದ್ದೀರಿ. ಅಲ್ಲಿಂದ ಬರಿ ಕಾಲು ಬಡಿದು ಮೇಲೆ ಬರಲು ಆಗಬೇಕು. ತೂಕ ಸರಿ ಇದ್ದರೆ ಆಗ ಭಾರ ಮೂರು ನಾಲ್ಕು ಕೆಜಿ ಇರುತ್ತದೆ, ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿದವರು ಬರಬಹುದು. ಪ್ಲೇಟಿನ ಜೊತೆ ಒಂದೆರಡು ಕೆಜಿಯನ್ನು ಬೆಲ್ಟಿನಲ್ಲೇ ಇಟ್ಟರೆ ಅದನ್ನು ಕಳಚಬಹುದು, ಇನ್ನೂ ಸುಲಭ. ಪ್ಲೇಟ್ ಮೇಲೆ ಆ 8 ಕೆಜಿ ಫ್ರೀ ಸೀಸವನ್ನೂ ಹೇರಿಕೊಂಡರೆ ಕಷ್ಟ. ಆಗ 23 ಕೆಜಿ ವಿಂಗ್ ಬೇಕೇ ಬೇಕು ಅನಿಸುತ್ತದೆ. ಮಾರುವವರು ಒಂದು ತಪ್ಪಿಗೆ ಇನ್ನೊಂದನ್ನು ಜೋಡಿಸಿ ಸೆಟ್ ಅನ್ನುತ್ತಿದ್ದಾರೆ.

ಅಕ್ಕ: ರೇಟು ಅಂದೆ.

ಭಾವ: ಮೂವತ್ತೆರಡು ಸಾವಿರ. ಚೌಕಾಸಿ ಮಾಡಿದರೆ ಇಳಿಯುತ್ತದೆ.

ಅಕ್ಕ: ಯಾವುದೋ ತಗಡಿಗೆ!

ದೊಡ್ಡ ಮಾವ: ತೂಕ ಎಷ್ಟು ಬೇಕು ಅಂತ ಗೊತ್ತಾಗುವುದು ಹೇಗಪ್ಪಾ? ನಮ್ಮ ತೋಟದ ಬಾವಿಯಲ್ಲಿ ಈ ಸಲ ನೀರಿದೆ. ಬಂದು ನೋಡಿಕೊಳ್ಳಲಿ.

ನಾನು: ಬಾವಿ ಬೇಡ ಮಾವ. ಹತ್ತಲು ಕಷ್ಟ, ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಎಳೆದುಕೊಳ್ಳಲು ಜಾಗ ಇಲ್ಲ. ಅದು ಸಿಹಿನೀರು ಬೇರೆ. ಸಮುದ್ರದ ನೀರು ಲೀಟರಿಗೆ ಸುಮಾರು 25 ಗ್ರಾಂ ಜಾಸ್ತಿ ತೂಗುತ್ತದೆ. ಭಾವ, ಸಿಲಿಂಡರ್, ಪ್ಲೇಟ್ ಎಲ್ಲ ಸೇರಿ ನೂರು ಕೆಜಿ ದಾಟುತ್ತದೆ. ಬಾವಿಯಲ್ಲಿ ಸರಿಹೋದ ತೂಕಕ್ಕೆ ಸಮುದ್ರದಲ್ಲಿ ಎರಡೂವರೆ ಕೆಜಿ ಮೇಲೆ ಸೇರಿಸಬೇಕಾಗುತ್ತದೆ.

ಸಮುದ್ರದಲ್ಲೇ ನೋಡಿಕೊಳ್ಳುವುದು ಸುಲಭ. ಡೈವ್ ಮುಗಿಸಿ ಬರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುತ್ತಾರಲ್ಲ, ಆಗ ಸಿಲಿಂಡರಿನಲ್ಲಿ 50 ಬಾರ್ ಉಳಿದಿರಬೇಕು. ಗಾಳಿಚೀಲ ಪೂರ್ತಿ ಖಾಲಿ ಮಾಡಿ, ಮಾಮೂಲಿಯಾಗಿ ಉಸಿರಾಡಿ. ಮುಳುಗುತ್ತಾ ಹೋದರೆ ಸೀಸ ಜಾಸ್ತಿ. ಪಕ್ಕದವರಿಗೆ ಒಂದು ಕೆಜಿ ತುಂಡು ಕೊಡಿ, ಮತ್ತೆ ನೋಡಿ. ಇದ್ದಲ್ಲೇ ನಿಂತರೆ ಅದೇ ನಿಮ್ಮ ತೂಕ. ಎದುರಿಗೆ ಹಗ್ಗ ಇರಲಿ, ಮೇಲಕ್ಕೆ ಹೊರಟರೆ ಹಿಡಿದುಕೊಳ್ಳಬಹುದು.

ಪುಟ್ಟಿ: ಮಾವ ನನಗೂ ಅಷ್ಟೇ ತೂಕನಾ? ನಾನು 48 ಕೆಜಿ

ನಾನು: ಅದೇ ತೊಂದರೆ ಕಣೇ. ಒಂದೇ ಸೆಟ್ ಇಬ್ಬರಿಗೆ ಅನ್ನುವ ಮಾತನ್ನೇ ನಾನು ಒಪ್ಪುತ್ತಿಲ್ಲ. ತೆಳು ಸೂಟ್ ಹಾಕಿದರೆ ನಿನಗೆ ಸ್ಟೀಲ್ ಪ್ಲೇಟೊಂದೇ ಸಾಕಾಗಬಹುದು, ಜಾಸ್ತಿಯೂ ಆಗಬಹುದು. ನಿನಗೆ ಅಲ್ಯೂಮಿನಿಯಂ ವಾಸಿ. ಹಾರ್ನೆಸ್ ಕಥೆ ಇನ್ನೊಂದು. ಪೂರ್ತಿ ಒಂದೇ ಪಟ್ಟಿ, ಐದು ಸೆಂಟಿಮೀಟರ್ ಅಗಲ. ಪ್ಲೇಟಿನ ಸೀಳಿನೊಳಗೆ ಹಾಯಿಸಿ ಭುಜದ ಅಳತೆಗೆ ಕೂರಿಸಬೇಕು. ಭುಜದಲ್ಲಿ ಎರಡು ಬೆರಳು ತೂರಿದರೆ ಸರಿ. ನಿಮ್ಮಪ್ಪನಿಗೆ ಕೂರಿಸಿದ್ದು ನಿನಗೆ ಮಂಡಿವರೆಗೆ ಜೋತುಬೀಳುತ್ತದೆ. ಬಿಚ್ಚಿ ಮತ್ತೆ ಕಟ್ಟಬೇಕು, ಕಾಲಸಂದಿಯ ಪಟ್ಟಿಯನ್ನೂ. ಅಲುಗಾಡುವ ದೋಣಿಯಲ್ಲಿ, ಒದ್ದೆ ಕೈಯಲ್ಲಿ!

ಭಾವ: ಅಂದರೆ ಎರಡು ಸೆಟ್ ತಗೋ ಅಂತೀಯಾ? ನಿಮ್ಮಕ್ಕ ಇದನ್ನು ಓದುತ್ತಿದ್ದಾಳೆ.

ನಾನು: ತೂಕ ನೋಡದೆ ಒಂದನ್ನೂ ತಗೋಬೇಡಿ ಅಂತೀನಿ. ಪುಟ್ಟಿ ಇನ್ನೂ ವರ್ಷಕ್ಕೊಂದು ಸಲ ಬರುವವಳು, ಬಾಡಿಗೆಯದೇ ಸಾಕು. ನಿಮಗೆ ಈ ಸ್ಟೀಲ್ ಪ್ಲೇಟ್ ಹೊಂದುತ್ತದೆ. ಆದರೆ ಅಂಡಮಾನಿಗೆ ವಿಮಾನದಲ್ಲಿ ಹೋಗುವ ಯೋಚನೆ ಇದ್ದರೆ 15 ಕೆಜಿ ಲಗೇಜಿನಲ್ಲಿ ಮೂರು ಕೆಜಿ ಇದೇ ತಿನ್ನುತ್ತದೆ. ಮುರುಡೇಶ್ವರಕ್ಕೆ ರೈಲಿನಲ್ಲಿ ಹೋಗುವವರಿಗೆ ಆ ಚಿಂತೆ ಇಲ್ಲ.

ಅಕ್ಕ: ಅಂಡಮಾನಾ? ಯಾವಾಗ? ಯಾರು ಯಾರು?

ಭಾವ: ಮಾತಿಗೆ ಅಂದ ಬಿಡು.

ಭಾವ: ಮಾರುವವರಿಗೆ ಕೇಳಿದೆ. ಪ್ಲೇಟ್, ಹಾರ್ನೆಸ್ ಬೇರೆ ಕೊಡುತ್ತಾರಂತೆ. ಆದರೆ ಆ 8 ಕೆಜಿ ಸೀಸ ಬಿಡಲ್ಲ ನಾನು. ಫ್ರೀ ಅಂತ ಹಾಕಿದ್ದಾರೆ.

ನಾನು: ಒಂದೊಂದು ಕೆಜಿ ತುಂಡಾದರೆ ತನ್ನಿ, ಉಪಯೋಗಕ್ಕೆ ಬರುತ್ತದೆ. ಎರಡೆರಡು ಕೆಜಿ ಗಟ್ಟಿಗಳಾದರೆ ಅಲ್ಲೇ ಬಿಡಿ.

ಭಾವ: ನಾಲ್ಕು ಗಟ್ಟಿ ಅಂತೆ. ತರುತ್ತೇನೆ. ಮಾವನ ತೋಟದ ಗೇಟಿಗೆ ಆಗುತ್ತದೆ.

ದೊಡ್ಡ ಮಾವ: ನಮ್ಮ ಗೇಟ್ ಚೆನ್ನಾಗೇ ಇದೆ.