ನಮ್ಮೂರ ಅದಿರಿನ ದುಡ್ಡಲ್ಲಿ ನಮ್ಮ ಪಾಲೆಷ್ಟು?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಸಂಡೂರು ತಾಲ್ಲೂಕು. ಮನೆ ಮುಂದೆಯೇ ದಿನಾ ಅದಿರಿನ ಟಿಪ್ಪರ್‌ಗಳು ಓಡಾಡುತ್ತವೆ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಕೆಂಪಾಗಿರುತ್ತದೆ. ಮೆಣಸಿನ ಗಿಡದ ಎಲೆ ಮುಟ್ಟಿದರೆ ಕೈಯೆಲ್ಲ ಧೂಳು. ಕುಡಿಯುವ ನೀರಿಗೆ ಇನ್ನೂ ಪರದಾಟ. ಗಣಿ ದುಡ್ಡಲ್ಲಿ ನಮಗೂ ಏನಾದರೂ ಸಿಗಬೇಕಲ್ವಾ?

ಉತ್ತರ (ನಿವೃತ್ತ ಭೂವಿಜ್ಞಾನಿ): ಸಿಗಲೇಬೇಕು ತಾಯಿ. ಕಾನೂನೇ ಹೇಳುತ್ತದೆ.

ಕಬ್ಬಿಣದ ಅದಿರಿಗೆ ಸರಾಸರಿ ಮಾರಾಟ ಬೆಲೆಯ ಶೇ 15 ರಾಯಲ್ಟಿ, ಅಂದರೆ ಅದಿರು ತೆಗೆದಿದ್ದಕ್ಕೆ ಗಣಿಯವರು ಕಟ್ಟುವ ಹಣ. ಅದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ರಾಯಲ್ಟಿ ಜೊತೆಗೆ ಗಣಿಯವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಕಟ್ಟಬೇಕು. ಆ ವರ್ಷದ ಜನವರಿ 12ಕ್ಕೆ ಮೊದಲಿನ ಲೀಸ್ ಆದರೆ ರಾಯಲ್ಟಿಯ ಶೇ 30, ನಂತರ ಹರಾಜಾದ ಗಣಿ ಆದರೆ ಶೇ 10. ಟನ್‌ಗೆ 4,000 ರೂಪಾಯಿ ಅಂತ ಇಟ್ಟುಕೊಳ್ಳಿ. ರಾಯಲ್ಟಿ 600. ಪ್ರತಿಷ್ಠಾನಕ್ಕೆ ಹಳೇ ಲೀಸಿನಿಂದ 180, ಹೊಸದರಿಂದ 60. ನಿಮ್ಮ ಮನೆ ಮುಂದೆ ಹೋಗುವ ಒಂದೊಂದು ಟಿಪ್ಪರ್‌ನಲ್ಲೂ ಈ ಪಾಲು ಇದೆ.

ಈ ದುಡ್ಡು ಇರುವುದೇ ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆ. 2024ರ ಮಾರ್ಗಸೂಚಿ ಪ್ರಕಾರ ಕನಿಷ್ಠ ಶೇ 70 ಭಾಗ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಕೆಲಸಗಳಿಗೇ ಹೋಗಬೇಕು. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ದುಡ್ಡು ಇದ್ದೂ ನೀವು ನೀರಿಗೆ ಅಲೆಯುವಂತಾಗಬಾರದು.

ಇನ್ನೊಬ್ಬರು: ಸರ್, 2011ರಲ್ಲಿ ಗಣಿ ನಿಂತಾಗ ನನ್ನ ಲಾರಿ ಎಂಟು ತಿಂಗಳು ಮನೆ ಮುಂದೆ ನಿಂತಿತ್ತು. ಕಂತು ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದ್ದೇ ತಪ್ಪು ಅನ್ಸುತ್ತೆ.

ಉತ್ತರ: ನಿಮ್ಮ ಸಂಕಟ ಗೊತ್ತಾಗುತ್ತದೆ ಅಣ್ಣ. ಆದರೆ ಸುಪ್ರೀಂ ಕೋರ್ಟ್ ಸುಮ್ನೆ ನಿಲ್ಲಿಸಲಿಲ್ಲ. ಸುಮಾರು 3 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ ಅಂತ ಲೋಕಾಯುಕ್ತ ವರದಿ ಹೇಳಿತ್ತು. ಲೂಟಿ ಮಾಡಿದವರು ಬೇರೆ, ಕಂತು ಕಟ್ಟಿದವರು ನೀವು. ಮೊದಲೇ ಅಳತೆಯಲ್ಲಿ ತೆಗೆದಿದ್ದರೆ ಹಾಗೆ ಒಮ್ಮೆಲೇ ನಿಲ್ಲಿಸುವ ಪರಿಸ್ಥಿತಿ ಬರುತ್ತಿರಲಿಲ್ಲ. ನಾರ್ವೆ ನೋಡಿ. ತೈಲದ ದುಡ್ಡನ್ನು ನಿಧಿಯಲ್ಲಿಡಲು 1990ರಲ್ಲೇ ಕಾನೂನು ಮಾಡಿತು. ವರ್ಷಕ್ಕೆ ನಿಧಿಯ ಸುಮಾರು ಶೇ 3ರಷ್ಟು ಮಾತ್ರ ಖರ್ಚು ಮಾಡಬೇಕು ಅನ್ನುವುದು ಅಲ್ಲಿನ ನಿಯಮ. ತೈಲ ಮುಗಿದರೂ ಮೊಮ್ಮಕ್ಕಳಿಗೆ ಉಳಿಯುತ್ತದೆ.

ಪ್ರಶ್ನೆ ಕೇಳಿದವರು: ನಾವೀಗ ಏನು ಮಾಡಬೇಕು ಸರ್?

ಉತ್ತರ: ಬಾಧಿತ ಊರುಗಳ ಪಟ್ಟಿ, ಕಾಮಗಾರಿ ವಿವರ ಪ್ರತಿಷ್ಠಾನದ ವೆಬ್‌ಸೈಟ್‌ನಲ್ಲಿ ಇರಬೇಕು. ಮೊದಲು ಪಟ್ಟಿಯಲ್ಲಿ ನಿಮ್ಮೂರು ಇದೆಯಾ ನೋಡಿ. ಮುಂದಿನ ಗ್ರಾಮಸಭೆಯಲ್ಲಿ ನೀರಿನ ಕೆಲಸವನ್ನು ಠರಾವಿನಲ್ಲಿ ಬರೆಸಿ. ಬಾಯಿಮಾತಲ್ಲಿ ಬಿಡಬೇಡಿ. ಅದರ ನಕಲು ಇಟ್ಟುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅರ್ಜಿ ಬರೆಯುವಾಗ ಇಲ್ಲೇ ಹಾಕಿ, ತಿದ್ದಿಕೊಡುತ್ತೇನೆ.