ಗ್ಲೇರ್‌ಗೆ "ಪ್ರಜ್ವಲಿಸುವಿಕೆ" ಸರೀನಾ? ಕಣ್ಣು ಕುಕ್ಕೋ ಬೆಳಕಿಗೆ ನಿಮ್ಮ ಕಡೆ ಏನಂತಾರೆ?

ಎಲ್ರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲ್ಸ ಮಾಡ್ತೀನಿ, ಅಲ್ಲಿ ಲೈಟಿಂಗ್ ಬಗ್ಗೆ ಕನ್ನಡದಲ್ಲಿ ಒಂದು ಬೋರ್ಡ್ ಬರೆಸೋ ಜವಾಬ್ದಾರಿ ನಂಗೆ ಬಂದಿದೆ. ಕಂಪ್ಯೂಟರಿಗೆ ಹಾಕಿ ಕನ್ನಡ ಮಾಡಿದ ಡ್ರಾಫ್ಟ್ ಒಂದು ಕೊಟ್ರು, ಅದರ ಎರಡನೇ ಸಾಲು "ಪ್ರಜ್ವಲಿಸುವಿಕೆಯನ್ನು ತಪ್ಪಿಸಿ" ಅಂತ. ಗಾರ್ಬ್ಲಿಂಗ್ (ಕೆಟ್ಟ ಬೀಜ ಆರಿಸಿ ತೆಗೆಯೋದು) ಮಾಡೋ ಅಕ್ಕ ಒಬ್ರಿಗೆ ಓದಿ ಹೇಳ್ದೆ, "ಬೆಂಕಿ ಹತ್ಕೊಂಡ್ರೆ ಏನ್ ಮಾಡ್ಬೇಕು ಅಂತನಾ ಸಾರ್" ಅಂದ್ರು. ಅವರು ಅರ್ಥ ಮಾಡ್ಕೊಂಡಿದ್ದೇ ಸರಿ. ಪ್ರಜ್ವಲಿಸೋದು ಅಂದ್ರೆ ಚೆನ್ನಾಗಿ ಉರಿಯೋದು, ಜ್ಯೋತಿ ಪ್ರಜ್ವಲಿಸಲಿ ಅಂತ ಹರಸ್ತೀವಿ. ಫೈರ್ ಬಕೆಟ್ ಪಕ್ಕದಲ್ಲೇ ಈ ಬೋರ್ಡ್ ಬಂದ್ರೆ ಎಲ್ರೂ ಅದನ್ನೇ ಅಂದ್ಕೋತಾರೆ.

ಇಲ್ಲಿ ಹೇಳ್ಬೇಕಾಗಿರೋದು ಏನು ಅಂದ್ರೆ, 1948ರ ಕಾರ್ಖಾನೆ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಬೆಳಕು ಸಾಕಷ್ಟಿರ್ಬೇಕು ಅಂತ ಮಾತ್ರ ಬರೆದು ಬಿಟ್ಟಿರ್ಲಿಲ್ಲ, ದೀಪದಿಂದ ನೇರವಾಗಿ ಆಗ್ಲಿ ನುಣುಪಾದ ಪಾಲಿಶ್ ಮೇಲ್ಮೈ ಮೇಲಿಂದ ವಾಪಸ್ ಬಂದಾಗ್ಲಿ ಗ್ಲೇರ್ ಆಗ್ಬಾರ್ದು, ಕಣ್ಣಿಗೆ ಆಯಾಸ ಆಗೋ ಹಾಗೆ ಅಥವಾ ಅಪಘಾತ ಆಗೋ ಹಾಗೆ ನೆರಳು ಬೀಳ್ಬಾರ್ದು ಅಂತ ಬಿಡಿಸಿ ಬಿಡಿಸಿ ಹೇಳಿತ್ತು. ನಮ್ಮಲ್ಲಿ ಆಗ್ತಿರೋದು ಅದೇ. ಹೊಸ ಎಲ್‌ಇಡಿ ತಲೆ ಮೇಲೆ, ಕೆಳಗೆ ಸ್ಟೀಲ್ ಟ್ರೇ, ಬೀಜ ಆರಿಸೋರಿಗೆ ಬೆಳಕು ಎರಡು ಕಡೆಯಿಂದ ಹೊಡೆಯುತ್ತೆ, ಸಂಜೆ ಹೊತ್ಗೆ ತಲೆನೋವು.

ಗ್ಲೇರ್‌ಗೆ ಬೇರೆಯೋರು ಸೂಚಿಸಿದ ಪದಗಳನ್ನ ಒಂದೊಂದಾಗಿ ನೋಡ್ದೆ. "ಪ್ರಖರ ಬೆಳಕು" ಬೇಡ ಅನ್ಸುತ್ತೆ, ಯಾಕಂದ್ರೆ ಗ್ಲೇರ್ ಆಗೋಕೆ ಬೆಳಕು ಜಾಸ್ತಿನೇ ಇರ್ಬೇಕು ಅಂತೇನಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ಲಕ್ಷ ಲಕ್ಸ್ (ಬೀಳೋ ಬೆಳಕಿನ ಅಳತೆ) ಹತ್ರ ಇರುತ್ತೆ, ಆಗ ಯಾರೋ ಟಾರ್ಚ್ ಬಿಟ್ರೆ ಗೊತ್ತೂ ಆಗಲ್ಲ, ಅದೇ ಟಾರ್ಚ್ ರಾತ್ರಿ ತೋಟದಲ್ಲಿ ಮುಖಕ್ಕೆ ಬಿಟ್ರೆ ಎದುರಿಗೆ ನಿಂತಿರೋರು ಕಾಣಲ್ಲ. ಸುತ್ತ ಎಷ್ಟು ಕತ್ತಲೆ ಇದೆ, ಕಣ್ಣು ಯಾವುದಕ್ಕೆ ಹೊಂದಿಕೊಂಡಿದೆ ಅನ್ನೋದರ ಮೇಲೆ ಅದು ನಿಂತಿದೆ. "ಝಳ" ಒಳ್ಳೇ ಪದ, ಫೆಬ್ರವರಿಲಿ ಸಿಮೆಂಟ್ ಕಣದಲ್ಲಿ ಕಾಫಿ ಒಣಗಿಸೋರಿಗೆ ಅದನ್ನ ಹೇಳ್ಕೊಡಬೇಕಾಗಿಲ್ಲ, ಆದ್ರೆ ಝಳ ಮೈಗೆ ತಟ್ಟೋದು, ಎಲ್‌ಇಡಿಲಿ ಝಳ ಎಲ್ಲಿಂದ ಬರ್ಬೇಕು. "ಕೋರೈಸು" ಹತ್ರ ಹತ್ರ ಬರುತ್ತೆ, ಆದ್ರೆ ಹಾಸನಾಂಬ ದರ್ಶನದ ಟೈಮಲ್ಲಿ ಹಾಸನದ ಬೀದಿಗೆ ಹಾಕೋ ಲೈಟಿಂಗ್‌ನ "ಕಣ್ಣು ಕೋರೈಸುವ ದೀಪಾಲಂಕಾರ" ಅಂತ ಹೊಗಳ್ತೀವಲ್ಲ, ಹೊಗಳಿಕೆಯ ಪದ ಎಚ್ಚರಿಕೆಗೆ ಹಾಕಿದ್ರೆ ತೂಕ ಇರಲ್ಲ.

ನಂಗೆ ಮನಸ್ಸಿಗೆ ಬಂದಿರೋದು "ಕುಕ್ಕು". ಆ ಅಕ್ಕನೇ ಕೊನೆಗೆ "ಓ, ಈ ಲೈಟು ಕಣ್ ಕುಕ್ತೈತಲ್ಲ ಅದಾ" ಅಂದ್ರು. ಕೋಳಿ ಕುಕ್ಕಿದ ಹಾಗೆ, ಅದ್ರಲ್ಲಿ ನೋವಿದೆ, ಕಣ್ಣೂ ಇದೆ. ಊರೋರ ಕಣ್ಣು ಕುಕ್ಕೋ ಹಾಗೆ ಮನೆ ಕಟ್ಟಿದ ಅನ್ನೋವಾಗ್ಲೂ ಸಹಿಸೋಕಾಗದ ಭಾವ ಹೋಗಲ್ಲ. ಗ್ಲೇರ್ ಅನ್ನೋದು ದೀಪದ ಗುಣಕ್ಕಿಂತ ಹೆಚ್ಚಾಗಿ ಕಣ್ಣಿಗೆ ಆಗೋ ತೊಂದರೆ, ಅದಕ್ಕೇ ಕಣ್ಣು ಒಳಗಿರೋ ಪದನೇ ಬೇಕು ಅಂತ ನನ್ನ ಹಟ.

ತೊಡಕು ಒಂದಿದೆ. ಚಾರ್ಮಾಡಿ ಘಾಟಿಲಿ ಎದುರು ಗಾಡಿಯೋನು ಡಿಪ್ ಮಾಡ್ದೆ ಬಂದ್ರೆ ಆಗೋದು ಬೇರೆ, ಆ ಕ್ಷಣ ರಸ್ತೆನೇ ಕಾಣಲ್ಲ, ಡ್ರೈವರ್‌ಗಳು "ಕಣ್ಣು ಕತ್ಲೆ ಬರುತ್ತೆ" ಅಂತಾರೆ. ಟ್ರೇ ಮುಂದೆ ಕೂತೋರಿಗೆ ಬೀಜ ಕಾಣುತ್ತೆ, ಹಿಂಸೆ ಮಾತ್ರ ಆಗುತ್ತೆ. ಲೈಟಿಂಗ್ ಇಂಜಿನಿಯರ್‌ಗಳು ಇವೆರಡನ್ನ ಬೇರೆ ಬೇರೆ ಅಂತಾನೇ ಲೆಕ್ಕ ಹಾಕೋದು. "ಕುಕ್ಕು" ಎರಡಕ್ಕೂ ಆಗುತ್ತಾ, ಇಲ್ಲ ಮೊದಲನೇದಕ್ಕೆ ಬೇರೆ ಪದ ಇದ್ಯಾ?

ಇನ್ನೊಂದು ಸಣ್ಣದು. ಲಕ್ಸ್ ಅಂದ್ರೆ ಒಂದು ಚದರ ಮೀಟರ್ ಮೇಲೆ ಬೀಳೋ ಲ್ಯೂಮೆನ್, ಲ್ಯೂಮೆನ್ ಅಂದ್ರೆ ದೀಪ ಕೊಡೋ ಬೆಳಕಿನ ಅಳತೆ. ಟ್ರೇ ಮೇಲೆ 500 ಲಕ್ಸ್ ಬಿದ್ರೆ ಪಕ್ಕದ ಕಪ್ಪು ಬೀಜದ ಮೇಲೂ ಅಷ್ಟೇ ಬೀಳುತ್ತೆ, ಆದ್ರೆ ಟ್ರೇ ಹೊಳೆಯುತ್ತೆ, ಬೀಜ ಹೊಳೆಯಲ್ಲ. ಬೀಳೋ ಬೆಳಕು, ಕಣ್ಣಿಗೆ ಬರೋ ಬೆಳಕು ಎರಡನ್ನೂ "ಪ್ರಕಾಶ" ಅಂತ ಬರೆದಿದಾರೆ ಡ್ರಾಫ್ಟಲ್ಲಿ, ಓದೋರಿಗೆ ಏನೂ ತಿಳಿಯಲ್ಲ. ನಾನು ಸದ್ಯಕ್ಕೆ "ಬೀಳುಬೆಳಕು", "ಹೊಳಪು" ಅಂತ ತಿದ್ದಿದೀನಿ.

ಸೋಮವಾರ ಪೇಂಟರ್ ಬರ್ತಾರೆ. "ಕಣ್ಣು ಕುಕ್ಕುವ ಬೆಳಕು ಇರಬಾರದು" ಅಂತ ಬಿಡಿಸಿ ಬರೆಸ್ಲಾ, "ಕುಕ್ಕುಬೆಳಕು" ಅಂತ ಒಂದೇ ಪದ ಮಾಡ್ಲಾ? ಸಕಲೇಶಪುರ, ಮೂಡಿಗೆರೆ, ಅರಸೀಕೆರೆ ಕಡೆಯೋರು ಮನೇಲಿ ಹಿರಿಯರನ್ನ ಕೇಳಿ ಅವರ ಬಾಯಲ್ಲಿ ಬರೋ ಪದ ಹಾಗೇ ಬರೆದು ಕಳ್ಸಿ.